ಬೆರಳೆಣಿಕೆಯ ಜನ ಒಂದು ದೇಶ ಒಡೆದರಾ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೇನೆ. ಗುಲಾಮಗಿರಿ ಇವತ್ತೇ ನಿಲ್ಲಬೇಕು ಎಂದು ಹಟ ಹಿಡಿದಿದ್ದ ಉಗ್ರ ಹೋರಾಟಗಾರರು ತೀರಾ ಕಡಿಮೆ ಇದ್ದರಂತೆ. ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಲ್ಲೂ ಅವರನ್ನು ಕಂಡರೆ ಜನರಿಗೆ ಆಗುತ್ತಿರಲಿಲ್ಲವಂತೆ. ಹಾಗಿದ್ದ ಮೇಲೆ ದೇಶ ಎರಡಾಗಲು ಅವರೇ ಕಾರಣ ಅನ್ನುವುದು ಸರಿಯಾ? ಅವರು ಸುಮ್ಮನಿದ್ದಿದ್ದರೂ ಗುಲಾಮಗಿರಿ ನಿಧಾನವಾಗಿ ತಾನಾಗಿಯೇ ಹೋಗುತ್ತಿತ್ತಲ್ಲವಾ?

ಉತ್ತರ: ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಈ ಮಾತನ್ನು ನಾನು ತರಗತಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಯಂತ್ರಗಳು ಬಂದವು, ಗುಲಾಮರ ಅಗತ್ಯ ಕಡಿಮೆ ಆಗುತ್ತಿತ್ತು, ಸುಮ್ನೆ ಹೊಡೆದಾಡಿ ಸತ್ತರು ಅನ್ನುತ್ತಾರೆ. ಆದದ್ದು ಇದಕ್ಕೆ ತದ್ವಿರುದ್ಧ. ಯಂತ್ರ ಬಂದದ್ದರಿಂದಲೇ ಗುಲಾಮಗಿರಿ ಬೆಳೆಯಿತು. 1793ರಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ ಬಂತು. ಬೀಜ ಬಿಡಿಸುವ ಕೆಲಸ ಹಗುರಾಯಿತು, ಹತ್ತಿ ಹೊಲ ಹೆಚ್ಚಾಯಿತು. ಆದರೆ ಹತ್ತಿ ಬಿತ್ತುವುದು, ಕಳೆ ತೆಗೆಯುವುದು, ಗಿಡದಿಂದ ಬಿಡಿಸುವುದು ಎಲ್ಲ ಕೈಯಲ್ಲೇ ಆಗಬೇಕಿತ್ತು. 1790ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 7 ಲಕ್ಷ. 1860ರಲ್ಲಿ ಹೆಚ್ಚುಕಡಿಮೆ 40 ಲಕ್ಷ. ಹೋಗುತ್ತಿರುವ ಪದ್ಧತಿಯ ಲೆಕ್ಕ ಹೀಗಿರುತ್ತದಾ?

ಇನ್ನೂ ಚಿಕ್ಕ ಉದಾಹರಣೆ ಬೇಕೆಂದರೆ ಡೆಲವೇರ್ ರಾಜ್ಯ ನೋಡಿ. 1860ರಲ್ಲಿ ಅಲ್ಲಿ 1,800 ಗುಲಾಮರೂ ಇರಲಿಲ್ಲ. ಯುದ್ಧ ಶುರುವಾದ ಮೇಲೆ ಅಧ್ಯಕ್ಷ ಲಿಂಕನ್ ಅಲ್ಲಿನ ಒಡೆಯರಿಗೆ ಸರ್ಕಾರದಿಂದಲೇ ಪರಿಹಾರ ಕೊಡಿಸುತ್ತೇನೆ, ನಿಧಾನವಾಗಿ ಬಿಡುಗಡೆ ಮಾಡಿ ಎಂದು ಕೇಳಿದರು. ಡೆಲವೇರ್ ಒಪ್ಪಲಿಲ್ಲ. ಎರಡು ಸಾವಿರ ಜನರೂ ಇಲ್ಲದ ಕಡೆ, ಕೈಗೆ ದುಡ್ಡು ಕೊಡುತ್ತೇನೆಂದರೂ ಬಿಡದವರು, 40 ಲಕ್ಷ ಜನರನ್ನು ತಾವಾಗಿ ಬಿಡುತ್ತಿದ್ದರು ಎಂದು ನಂಬುವುದು ಕಷ್ಟ.

ಇಲ್ಲೊಂದು ಪದದ ಮಾತು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಕೆಲವರು ಇದನ್ನು ಜೀತ ಎಂದು ಬರೆಯುತ್ತಾರೆ. ಜೀತವೂ ಕ್ರೂರವೇ. ಆದರೆ ಅಲ್ಲಿ ಲೆಕ್ಕಕ್ಕಾದರೂ ಒಂದು ಸಾಲ ಇರುತ್ತದೆ. ಅಮೆರಿಕದಲ್ಲಿ ಸಾಲ ಗೀಲ ಏನೂ ಇಲ್ಲ, ಮನುಷ್ಯನೇ ಸ್ವತ್ತು. ತಾಯಿ ಗುಲಾಮಳಾಗಿದ್ದರೆ ಹುಟ್ಟುವ ಕೂಸು ಒಡೆಯನ ಆಸ್ತಿ. ಎತ್ತಿನ ಹಾಗೆ ಮಾರಬಹುದು, ಅಡ ಇಡಬಹುದು, ಮಗಳಿಗೆ ಬಳುವಳಿ ಕೊಡಬಹುದು. 1860ರಲ್ಲಿ ಈ 'ಆಸ್ತಿ'ಯ ಬೆಲೆ 300 ಕೋಟಿ ಡಾಲರ್ ಆಸುಪಾಸು ಇತ್ತೆಂದು ಇತಿಹಾಸಕಾರರ ಅಂದಾಜು. ದೇಶದ ರೈಲು ಹಳಿ, ಕಾರ್ಖಾನೆ ಎಲ್ಲ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ದೇಶದ ರಫ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹತ್ತಿಯೇ.

ಆ ಹತ್ತಿಯ ಎಳೆ ನಮ್ಮ ಕಡೆಗೂ ಬಂದಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೀಜವನ್ನೂ ಅಲ್ಲಿನ ಹತ್ತಿ ಬೆಳೆಗಾರರನ್ನೂ ಧಾರವಾಡ ಸೀಮೆಗೆ ತಂದಿತು. ಮುಂದೆ ಆ ತಳಿಗೆ ಧಾರವಾಡ ಅಮೆರಿಕನ್ ಎಂದೇ ಹೆಸರಾಯಿತು. ಅಂತರ್ಯುದ್ಧದಲ್ಲಿ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ ನಮ್ಮ ಎರೆ ಹೊಲದ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ದೊಪ್ಪನೆ ಬಿತ್ತು.

ಈಗ ಮೊದಲ ಪ್ರಶ್ನೆಗೆ ಬರೋಣ. ಅವರು ಕಡಿಮೆ ಇದ್ದರು, ನಿಜ. ಉತ್ತರದಲ್ಲೂ ಅವರಿಗೆ ಕಲ್ಲೇಟು ಬೀಳುತ್ತಿತ್ತು, ಅದೂ ನಿಜ. ಆದರೂ ದೇಶ ಅಲ್ಲಾಡಿತು. ನನ್ನ ಪ್ರಕಾರ ಆದದ್ದು ಹೀಗೆ. ಅವರು ಬಹುಪಾಲು ಜನರ ಮನಸ್ಸು ಗೆಲ್ಲಲೇ ಇಲ್ಲ. ಗುಲಾಮರ ಒಡೆಯರನ್ನು ಮಾತ್ರ ಚೆನ್ನಾಗಿ ಕೆಣಕಿದರು. ಕೆರಳಿದ ಒಡೆಯರು ಇವರ ಬಾಯಿ ಮುಚ್ಚಿಸಲು ಹೋಗಿ ಉತ್ತರದ ಬಿಳಿಯರ ಅಂಚೆಗೆ, ಅರ್ಜಿಗೆ, ಅಚ್ಚುಯಂತ್ರಕ್ಕೆ, ಕೊನೆಗೆ ಮನೆಬಾಗಿಲಿಗೇ ಕೈ ಹಾಕಿದರು. ಅಲ್ಲಿಯವರೆಗೆ 'ನಮಗ್ಯಾಕೆ ಇನ್ನೊಬ್ಬರ ಉಸಾಬರಿ' ಎಂದು ಕೂತಿದ್ದವರಿಗೆ ಗುಲಾಮಗಿರಿ ತಮ್ಮದೇ ತಲೆನೋವಾಯಿತು.

1831ರ ಜನವರಿ 1ರಂದು ಬೋಸ್ಟನ್‌ನಲ್ಲಿ 'ದಿ ಲಿಬರೇಟರ್' ಎಂಬ ನಾಲ್ಕು ಪುಟದ ವಾರಪತ್ರಿಕೆ ಹೊರಬಂತು. ಅದರ ಸಂಪಾದಕ ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರಿಗೆ ಆಗ 25 ವರ್ಷ. ಚಿಕ್ಕಂದಿನಿಂದ ಅಚ್ಚುಮೊಳೆ ಜೋಡಿಸಿ ಬೆಳೆದವರು. ಆವರೆಗೆ ಗುಲಾಮಗಿರಿ ತಪ್ಪು ಎನ್ನುತ್ತಿದ್ದ ಹೆಚ್ಚಿನ ಸಭ್ಯರು 'ನಿಧಾನವಾಗಿ' ಎಂದೂ ಸೇರಿಸುತ್ತಿದ್ದರು. ಬಿಡುಗಡೆಯಾದ ಕಪ್ಪು ಜನರನ್ನು ಹಡಗು ಹತ್ತಿಸಿ ಆಫ್ರಿಕಾದ ಲೈಬೀರಿಯಾಕ್ಕೆ ಕಳಿಸುವ ಸಂಘವೂ ಇತ್ತು. ಗ್ಯಾರಿಸನ್ ಈ ಎರಡನ್ನೂ ತಳ್ಳಿಹಾಕಿದರು. ಮನೆಗೆ ಬೆಂಕಿ ಬಿದ್ದವನಿಗೆ ಮೆಲ್ಲಗೆ ಕೂಗು ಎನ್ನುತ್ತೀರಾ ಎಂದು ಮೊದಲ ಸಂಚಿಕೆಯಲ್ಲೇ ಕೇಳಿದರು. ಮಾತು ತಿರುಗಿಸುವುದಿಲ್ಲ, ಒಂದಿಂಚೂ ಹಿಂದೆ ಸರಿಯುವುದಿಲ್ಲ, ನನ್ನ ಮಾತು ಕೇಳಿಸಿಯೇ ತೀರುತ್ತೇನೆ ಎಂದು ಬರೆದರು. 35 ವರ್ಷ ಒಂದು ವಾರವೂ ಬಿಡದೆ ಪತ್ರಿಕೆ ನಡೆಸಿದರು.

ಆದರೆ ಎಲ್ಲವೂ ಗ್ಯಾರಿಸನ್‌ರಿಂದ ಶುರುವಾಯಿತು ಅಂದುಕೊಳ್ಳಬೇಡಿ. ಮೊದಲ ವರ್ಷಗಳಲ್ಲಿ ಆ ಪತ್ರಿಕೆಯ ಚಂದಾದಾರರಲ್ಲಿ ಮುಕ್ಕಾಲು ಪಾಲು ಉತ್ತರದ ಸ್ವತಂತ್ರ ಕಪ್ಪು ಜನರೇ. ಫಿಲಡೆಲ್ಫಿಯಾದಲ್ಲಿ ಹಡಗಿನ ಹಾಯಿ ತಯಾರಿಸಿ ಶ್ರೀಮಂತರಾಗಿದ್ದ ಜೇಮ್ಸ್ ಫೋರ್ಟನ್ ದುಡ್ಡು ಕೊಟ್ಟು ಅದನ್ನು ಉಳಿಸಿದರು. ಅದಕ್ಕೂ ಎರಡು ವರ್ಷ ಮೊದಲು, 1829ರಲ್ಲಿ, ಬೋಸ್ಟನ್‌ನಲ್ಲಿ ಹಳೇ ಬಟ್ಟೆ ಅಂಗಡಿ ಇಟ್ಟಿದ್ದ ಡೇವಿಡ್ ವಾಕರ್ ಎಂಬ ಕಪ್ಪು ವ್ಯಾಪಾರಿ ಗುಲಾಮರು ತಾವೇ ತಿರುಗಿ ಬೀಳಬೇಕೆನ್ನುವ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿ, ನಾವಿಕರ ಕೈಯಲ್ಲಿ ದಕ್ಷಿಣದ ಬಂದರುಗಳಿಗೆ ಕಳಿಸಿದ್ದರು. ಅಂಗಡಿಗೆ ಬಟ್ಟೆ ಕೊಳ್ಳಲು ಬರುತ್ತಿದ್ದವರಲ್ಲಿ ನಾವಿಕರು ಇದ್ದದ್ದು ಕೆಲಸಕ್ಕೆ ಬಂತು. ಆ ಪುಸ್ತಿಕೆಗಿಂತ ಗ್ಯಾರಿಸನ್ ಬರಹ ಎಷ್ಟೋ ಮೆತ್ತಗೆ.

1831ರ ಆಗಸ್ಟ್‌ನಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಮುಂದಾಳತ್ವದಲ್ಲಿ ಗುಲಾಮರು ದಂಗೆ ಎದ್ದರು. 50ಕ್ಕೂ ಹೆಚ್ಚು ಬಿಳಿಯರು ಸತ್ತರು. ಪ್ರತೀಕಾರದಲ್ಲಿ ಸತ್ತ ಕಪ್ಪು ಜನ ಅದಕ್ಕಿಂತ ಜಾಸ್ತಿ. ಟರ್ನರ್ ಲಿಬರೇಟರ್ ಓದಿದ್ದರು ಎನ್ನಲು ಯಾವ ಆಧಾರವೂ ಇಲ್ಲ. ಆದರೂ ತಪ್ಪು ಗ್ಯಾರಿಸನ್ ತಲೆಗೆ ಬಂತು. ಅವರನ್ನು ಹಿಡಿದು ತಂದವರಿಗೆ 5,000 ಡಾಲರ್ ಕೊಡುತ್ತೇವೆ ಎಂದು ಜಾರ್ಜಿಯಾ ರಾಜ್ಯದ ಶಾಸನಸಭೆಯೇ ಸಾರಿತು. ಇನ್ನೊಂದು ತಮಾಷೆ ಏನೆಂದರೆ, ಆಗ ಸಂಪಾದಕರು ತಮ್ಮ ತಮ್ಮ ಪತ್ರಿಕೆಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ದಕ್ಷಿಣದ ಸಂಪಾದಕರು ಗ್ಯಾರಿಸನ್ ಬರೆದದ್ದನ್ನು ಎತ್ತಿ ತಮ್ಮಲ್ಲಿ ಅಚ್ಚು ಹಾಕಿ, ಕೆಳಗೆ ಬೈಗುಳ ಸೇರಿಸುತ್ತಿದ್ದರು. ಉತ್ತರದವರು ಆ ಬೈಗುಳವನ್ನು ಮತ್ತೆ ಅಚ್ಚು ಹಾಕುತ್ತಿದ್ದರು. ಕೆಲವೇ ನೂರು ಚಂದಾದಾರರಿದ್ದ ಪತ್ರಿಕೆಯನ್ನು ದೇಶಕ್ಕೆಲ್ಲ ಪರಿಚಯ ಮಾಡಿಕೊಟ್ಟವರು ಅದರ ವೈರಿಗಳು.

1833ರಲ್ಲಿ ಫಿಲಡೆಲ್ಫಿಯಾದಲ್ಲಿ ಗುಲಾಮಗಿರಿ ವಿರೋಧಿ ಸಂಘ ಹುಟ್ಟಿತು. ಅಬಾಲಿಷನಿಸ್ಟರು ಎಂದು ಕರೆಯುವುದು ಈ ಗುಂಪಿನವರನ್ನೇ. 1835ರಲ್ಲಿ ಇವರು ಹಬೆಯ ಅಚ್ಚುಯಂತ್ರದಲ್ಲಿ ರಾಶಿ ರಾಶಿ ಕರಪತ್ರ ಅಚ್ಚು ಹಾಕಿ ದಕ್ಷಿಣದ ಪ್ರಮುಖರಿಗೆ ಅಂಚೆಯಲ್ಲಿ ಕಳಿಸಿದರು. ನ್ಯೂಯಾರ್ಕ್‌ನ ರೇಷ್ಮೆ ವ್ಯಾಪಾರಿಗಳಾದ ಟಾಪನ್ ಸಹೋದರರು ಇದಕ್ಕೆ ದುಡ್ಡು ಸುರಿದರು. ಜುಲೈ 29ರ ರಾತ್ರಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಜನ ಅಂಚೆ ಕಚೇರಿಗೆ ನುಗ್ಗಿ ಆ ಚೀಲ ಹೊತ್ತೊಯ್ದರು. ಮರುದಿನ ರಾತ್ರಿ ಗ್ಯಾರಿಸನ್ ಮತ್ತು ಟಾಪನ್ ಪ್ರತಿಕೃತಿಗಳ ಜೊತೆ ಸುಟ್ಟರು. ಅಂಚೆ ಖಾತೆಯ ಮುಖ್ಯಸ್ಥರು ತಡೆಯಲಿಲ್ಲ, ಪರವಾಗಿಲ್ಲ ಎನ್ನುವಂತೆ ನಡೆದುಕೊಂಡರು. ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್ ಇಂಥ ಕಾಗದಗಳನ್ನು ಅಂಚೆಯಲ್ಲಿ ಸಾಗಿಸಬಾರದೆಂದು ಕಾನೂನು ಮಾಡಿ ಎಂದರು. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಒಪ್ಪಲಿಲ್ಲ. ಆದರೆ ಉತ್ತರದ ಸಾಮಾನ್ಯ ಮನುಷ್ಯನ ತಲೆಯಲ್ಲಿ ಒಂದು ಹುಳ ಬಿಟ್ಟಂತಾಯಿತು. ಇವತ್ತು ಅವರ ಕಾಗದ ಸುಟ್ಟವರು ನಾಳೆ ನನ್ನದನ್ನು ಬಿಡುತ್ತಾರಾ?

ಮುಂದಿನದು ಅರ್ಜಿಯ ಪ್ರಕರಣ. ಇದು ನನಗೆ ತುಂಬಾ ಇಷ್ಟದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರಾಜಧಾನಿ ವಾಷಿಂಗ್ಟನ್‌ನಲ್ಲಾದರೂ ಗುಲಾಮರ ಮಾರಾಟ ನಿಲ್ಲಿಸಿ ಎಂದು ಸಾವಿರಾರು ಅರ್ಜಿಗಳು ಕಾಂಗ್ರೆಸ್‌ಗೆ ಬರುತ್ತಿದ್ದವು. ಮನೆಮನೆಗೆ ಹೋಗಿ ಸಹಿ ಹಾಕಿಸಿದವರಲ್ಲಿ ಬಹಳಷ್ಟು ಜನ ಹೆಂಗಸರು. ಅವರಿಗೆ ವೋಟು ಇರಲಿಲ್ಲ, ಅರ್ಜಿ ಕೊಡುವ ಹಕ್ಕು ಮಾತ್ರ ಇತ್ತು. 1836ರಲ್ಲಿ ಕೆಳಮನೆ ಒಂದು ನಿಯಮ ಮಾಡಿತು. ಗುಲಾಮಗಿರಿಯ ವಿಷಯದ ಅರ್ಜಿ ಬಂದರೆ ಓದುವ ಹಾಗಿಲ್ಲ, ಚರ್ಚಿಸುವ ಹಾಗಿಲ್ಲ, ನೇರವಾಗಿ ಬದಿಗಿಡಬೇಕು. ಇದರ ವಿರುದ್ಧ ಎದ್ದು ನಿಂತವರು ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್. ಅವರಿಗೆ ಆಗಲೇ 70ರ ಹತ್ತಿರ. ಅವರು ಅಬಾಲಿಷನಿಸ್ಟ್ ಅಲ್ಲ, ಆ ಗುಂಪಿನವರನ್ನು ಕಂಡರೆ ಅಷ್ಟಕ್ಕಷ್ಟೇ. ಆದರೆ ಅರ್ಜಿ ಹಾಕುವ ಹಕ್ಕು ಮುಟ್ಟಿದರೆ ಸುಮ್ಮನಿರುವ ಮನುಷ್ಯ ಅಲ್ಲ.

1837ರ ಫೆಬ್ರವರಿಯಲ್ಲಿ ಒಂದು ದಿನ ಆಡಮ್ಸ್ ಎದ್ದು ನಿಂತು, ನನ್ನ ಹತ್ತಿರ 22 ಗುಲಾಮರ ಹೆಸರಲ್ಲಿ ಬಂದ ಅರ್ಜಿ ಇದೆ, ಇದು ಆ ನಿಯಮಕ್ಕೆ ಬರುತ್ತದಾ ಎಂದು ಸ್ಪೀಕರ್‌ಗೆ ಕೇಳಿದರು. ಗುಲಾಮರ ಅರ್ಜಿ! ದಕ್ಷಿಣದ ಸದಸ್ಯರು ಎದ್ದು ಕಿರುಚಿದರು. ಆಡಮ್ಸ್ ಮೇಲೆ ಛೀಮಾರಿ ನಿರ್ಣಯ ತರಬೇಕೆಂದರು, ಅರ್ಜಿಯನ್ನು ಸುಡಬೇಕೆಂದರು. ಎಲ್ಲರೂ ಕೂಗಿ ಸುಸ್ತಾಗುವವರೆಗೆ ಮುದುಕರು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: ಅರ್ಜಿಯಲ್ಲಿ ಏನು ಬೇಡಿದ್ದಾರೆಂದು ಯಾರೂ ಕೇಳಲಿಲ್ಲವಲ್ಲ, ಅವರು ಗುಲಾಮಗಿರಿ ಬೇಕು ಎನ್ನುತ್ತಿದ್ದಾರೆ. ಸಭೆ ಪೆಚ್ಚಾಯಿತು. ಎಂಟು ವರ್ಷ ಹೀಗೆಯೇ ಕಾಡಿಸಿ, 1844ರ ಡಿಸೆಂಬರ್‌ನಲ್ಲಿ ಆ ನಿಯಮ ತೆಗೆಸಿದರು. ಅಷ್ಟರಲ್ಲಿ ಅರ್ಜಿಗಳು ಇನ್ನೂ ಜಾಸ್ತಿಯಾಗಿದ್ದವು.

ಉತ್ತರದವರೂ ಸಾಚಾ ಅಲ್ಲ. 1835ರ ಅಕ್ಟೋಬರ್‌ನಲ್ಲಿ ಬೋಸ್ಟನ್‌ನ ಗುಂಪೊಂದು ಗ್ಯಾರಿಸನ್‌ಗೆ ಹಗ್ಗ ಕಟ್ಟಿ ಬೀದಿಯಲ್ಲಿ ಎಳೆಯಿತು. ಜೀವ ಉಳಿಸಲು ಅವರನ್ನು ಜೈಲಿಗೆ ಹಾಕಬೇಕಾಯಿತು. 1837ರ ನವೆಂಬರ್ 7ರಂದು ಇಲಿನಾಯ್‌ನ ಆಲ್ಟನ್‌ನಲ್ಲಿ ಎಲೈಜಾ ಲವ್‌ಜಾಯ್ ಎಂಬ ಸಂಪಾದಕರನ್ನು ಗುಂಡಿಟ್ಟು ಕೊಂದರು. ಅವರ ಮೂರು ಅಚ್ಚುಯಂತ್ರಗಳನ್ನು ಮೊದಲೇ ಹಾಳು ಮಾಡಿದ್ದರು. ನಾಲ್ಕನೆಯದನ್ನು ಕಾಯುವಾಗ ಅವರು ಸತ್ತರು. 1838ರ ಮೇನಲ್ಲಿ ಫಿಲಡೆಲ್ಫಿಯಾದಲ್ಲಿ ಹೋರಾಟಗಾರರು ಚಂದಾ ಎತ್ತಿ ಕಟ್ಟಿದ ಸಭಾಭವನ ತೆರೆದ ನಾಲ್ಕೇ ದಿನದಲ್ಲಿ ಬೂದಿಯಾಯಿತು.

ಅದು ಸುಡುವ ಹಿಂದಿನ ದಿನ ಅಲ್ಲಿ ಮಾತಾಡಿದವರು ಆ್ಯಂಜಲೀನಾ ಗ್ರಿಮ್ಕೆ. ಕಿಟಕಿಗೆ ಕಲ್ಲು ಬೀಳುತ್ತಿದ್ದರೂ ಭಾಷಣ ನಿಲ್ಲಿಸಲಿಲ್ಲ. ಎರಡು ದಿನದ ಹಿಂದಷ್ಟೇ ಇನ್ನೊಬ್ಬ ಹೋರಾಟಗಾರ ಥಿಯೊಡೋರ್ ವೆಲ್ಡ್ ಅವರನ್ನು ಮದುವೆಯಾಗಿದ್ದರು. ಆ್ಯಂಜಲೀನಾ ಮತ್ತು ಅಕ್ಕ ಸಾರಾ ಹುಟ್ಟಿದ್ದು ಚಾರ್ಲ್ಸ್‌ಟನ್‌ನ ದೊಡ್ಡ ಮನೆತನದಲ್ಲಿ, ಗುಲಾಮರ ಒಡೆಯರ ಮನೆಯಲ್ಲಿ. ಒಳಗಿನದ್ದೆಲ್ಲ ಕಣ್ಣಾರೆ ಕಂಡು ಮನೆ ಬಿಟ್ಟು ಬಂದವರು. ಮದುವೆ ಆದ ಮೇಲೆ ಈ ಮೂವರೂ ಸೇರಿ ಒಂದು ಕೆಲಸ ಹಿಡಿದರು. ದಕ್ಷಿಣದ ಪತ್ರಿಕೆಗಳ ಹಳೇ ಸಂಚಿಕೆಗಳನ್ನು ಸಾವಿರಗಟ್ಟಲೆ ತರಿಸಿಕೊಂಡು, ತಿಂಗಳುಗಟ್ಟಲೆ ಕೂತು, ಓಡಿಹೋದ ಗುಲಾಮರಿಗಾಗಿ ಒಡೆಯರೇ ಕೊಟ್ಟ ಜಾಹೀರಾತುಗಳನ್ನು ಕತ್ತರಿಸಿದರು.

ಈ ಜಾಹೀರಾತುಗಳನ್ನು ಹತ್ತಿರದಿಂದ ನೋಡಬೇಕು. ಓಡಿಹೋದವರನ್ನು ಹಿಡಿಯಬೇಕಾದರೆ ಗುರುತು ಹೇಳಬೇಕಲ್ಲ? ಒಡೆಯರು ಪ್ರಾಮಾಣಿಕವಾಗಿ ಗುರುತು ಹೇಳುತ್ತಿದ್ದರು. ಬೆನ್ನಿನಲ್ಲಿ ಚಾಟಿಯ ಗಾಯ. ಕಿವಿ ಕತ್ತರಿಸಿದೆ. ಕಾಲಲ್ಲಿ ಕೋಳದ ಕಲೆ. 1838ರಲ್ಲಿ ಉತ್ತರ ಕ್ಯಾರೊಲಿನಾದ ಒಬ್ಬ ಒಡೆಯ ಕೊಟ್ಟದ್ದು ಹೀಗಿದೆ: ಒಬ್ಬ ನೀಗ್ರೋ ಹೆಂಗಸು, ಇಬ್ಬರು ಮಕ್ಕಳು ಓಡಿಹೋಗಿದ್ದಾರೆ. ಹೋಗುವ ಕೆಲವು ದಿನ ಮೊದಲು ಅವಳ ಮುಖದ ಎಡಗಡೆ ಕಾದ ಕಬ್ಬಿಣದಿಂದ ಬರೆ ಹಾಕಿದ್ದೆ. ಎಂ ಅಕ್ಷರ ಮೂಡಿಸಲು ನೋಡಿದ್ದೆ.

ಅಷ್ಟೇ. ಎಮ್ಮೆ ಕಳೆದಿದೆ, ಕೊಂಬು ಹೀಗಿದೆ ಎನ್ನುವ ಧಾಟಿ. ಬರೆದವನಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. 1839ರಲ್ಲಿ ವೆಲ್ಡ್ ಈ ಕತ್ತರಿಸಿದ ತುಣುಕುಗಳನ್ನೂ ಕಣ್ಣಾರೆ ಕಂಡವರ ಹೇಳಿಕೆಗಳನ್ನೂ ಸೇರಿಸಿ ಪುಸ್ತಕ ಮಾಡಿದರು. ಹೋರಾಟಗಾರರು ಉತ್ಪ್ರೇಕ್ಷೆ ಮಾಡುತ್ತಾರೆ ಎನ್ನುವವರಿಗೆ ಉತ್ತರ ಒಡೆಯರ ಬಾಯಿಂದಲೇ ಬಂತು. ಮುಂದೆ ಹ್ಯಾರಿಯೆಟ್ ಬೀಚರ್ ಸ್ಟೋವ್ ತಮ್ಮ ಕಾದಂಬರಿ 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆಯುವಾಗ ಈ ಪುಸ್ತಕವನ್ನು ಬಳಸಿಕೊಂಡರು. 1852ರಲ್ಲಿ ಬಂದ ಆ ಕಾದಂಬರಿ ಮೊದಲ ವರ್ಷವೇ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿ ಹೋಯಿತು. ಲಿಂಕನ್ ಆಕೆಯನ್ನು ನೋಡಿ 'ಈ ದೊಡ್ಡ ಯುದ್ಧ ಶುರು ಮಾಡಿದ ಪುಟ್ಟ ಹೆಂಗಸು ನೀವೇನಾ' ಎಂದರು ಎನ್ನುವ ಕಥೆ ಕೇಳಿರುತ್ತೀರಿ. ಆ ಮಾತು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಎಷ್ಟೋ ದಶಕ ಆದ ಮೇಲೆ. ನಾನಂತೂ ಅದನ್ನು ಪಾಠದಲ್ಲಿ ಹೇಳುವುದು ಬಿಟ್ಟೆ.

1840ರಲ್ಲಿ ಗುಲಾಮಗಿರಿ ವಿರೋಧಿ ಸಂಘ ಒಡೆಯಿತು. ಆ್ಯಬಿ ಕೆಲ್ಲಿ ಎಂಬ ಮಹಿಳೆಯನ್ನು ಸಮಿತಿಗೆ ಆರಿಸಿದ್ದು ಟಾಪನ್ ಕಡೆಯವರಿಗೆ ಸೇರಲಿಲ್ಲ, ಎದ್ದು ಹೋದರು. ಇನ್ನು ಕೆಲವರು ಲಿಬರ್ಟಿ ಪಾರ್ಟಿ ಕಟ್ಟಿ ಚುನಾವಣೆಗೆ ನಿಂತರು. ಸಿಕ್ಕ ವೋಟು 1840ರಲ್ಲಿ ಸುಮಾರು 7,000, 1844ರಲ್ಲಿ ಸುಮಾರು 62,000. ನಗೆಪಾಟಲು ಅನ್ನಿಸಬಹುದು. ಆದರೆ 1844ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಅವರು ಪಡೆದ ವೋಟು ಗೆದ್ದವರ ಅಂತರಕ್ಕಿಂತ ಜಾಸ್ತಿ ಇತ್ತು. ದೊಡ್ಡ ಪಕ್ಷಗಳವರು ಅದನ್ನು ಮರೆಯಲಿಲ್ಲ. ಗ್ಯಾರಿಸನ್‌ಗೆ ಚುನಾವಣೆಯೇ ಬೇಡ. ಗುಲಾಮಗಿರಿಗೆ ಜಾಗ ಕೊಟ್ಟ ಸಂವಿಧಾನ ಸಾವಿನ ಜೊತೆಗಿನ ಕರಾರು, ನರಕದ ಜೊತೆಗಿನ ಒಪ್ಪಂದ ಎನ್ನುತ್ತಿದ್ದರು. 1854ರ ಜುಲೈ 4ರಂದು, ಸ್ವಾತಂತ್ರ್ಯ ದಿನವೇ, ಅದರ ಪ್ರತಿಯನ್ನು ಸಭೆಯಲ್ಲಿ ಸುಟ್ಟರು. ದೇಶ ಒಡೆಯುವ ಮಾತು ಕೇಳಿದಿರಲ್ಲ? ಗುಲಾಮರ ಒಡೆಯರ ಜೊತೆ ಒಂದೇ ದೇಶದಲ್ಲಿ ಇರುವುದು ಬೇಡ, ಉತ್ತರವೇ ಬೇರೆಯಾಗಲಿ ಎಂದು ಎಷ್ಟೋ ವರ್ಷ ಮೊದಲೇ ಬಾಯಿಬಿಟ್ಟು ಹೇಳಿದವರು ಇವರೇ. ಆ ಮಟ್ಟಿಗೆ ಆರೋಪ ನಿಜ. ಆದರೆ ಇವರು ಹೇಳಿದರೆಂದು ಯಾವ ರಾಜ್ಯವೂ ಬೇರೆಯಾಗಲಿಲ್ಲ.

ಫ್ರೆಡರಿಕ್ ಡಗ್ಲಸ್ ಇಲ್ಲಿ ಗ್ಯಾರಿಸನ್‌ರಿಂದ ದೂರ ಸರಿದರು. 1838ರ ಸೆಪ್ಟೆಂಬರ್ 3ರಂದು ಬಾಲ್ಟಿಮೋರ್‌ನಲ್ಲಿ ನಾವಿಕನ ವೇಷ ಹಾಕಿ, ಎರವಲು ತಂದ ಗುರುತಿನ ಕಾಗದ ಜೇಬಿನಲ್ಲಿಟ್ಟು ರೈಲು ಹತ್ತಿ ಪಾರಾದ ಗುಲಾಮ ಅವರು. ವೇದಿಕೆಯ ಮೇಲೆ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರೆಂದರೆ, ಈ ಮನುಷ್ಯ ಗುಲಾಮನಾಗಿದ್ದದ್ದೇ ಸುಳ್ಳು ಎಂದು ಜನ ಅನುಮಾನಪಟ್ಟರು. 1845ರಲ್ಲಿ ಒಡೆಯನ ಹೆಸರು, ಊರು ಸಮೇತ ಆತ್ಮಕಥೆ ಬರೆದರು. ಬರೆದದ್ದೇ ಅಪಾಯವಾಯಿತು, ಸಿಕ್ಕಿಬೀಳುವ ಹಾಗಾಯಿತು. ಬ್ರಿಟನ್‌ಗೆ ಹೋದರು. ಅಲ್ಲಿನ ಸ್ನೇಹಿತರು ದುಡ್ಡು ಕೂಡಿಸಿ ಅವರನ್ನು ಕೊಂಡು ಬಿಡಿಸಿದರು. ಹಿಂದಿರುಗಿ ರಾಚೆಸ್ಟರ್‌ನಲ್ಲಿ ಸ್ವಂತ ಪತ್ರಿಕೆ ತೆಗೆದರು. ಸಂವಿಧಾನ ಸುಡುವುದಲ್ಲ, ಅದನ್ನೇ ಗುಲಾಮಗಿರಿಯ ವಿರುದ್ಧ ಹಿಡಿಯಬೇಕು ಎಂದು ವಾದಿಸಿದರು. ಇಬ್ಬರಲ್ಲಿ ಡಗ್ಲಸ್ ಲೆಕ್ಕವೇ ಸರಿ ಎಂದು ನನಗೆ ಅನ್ನಿಸುತ್ತದೆ.

1850ರಲ್ಲಿ ಒಡೆಯರು ತಮ್ಮ ಕಾಲಿಗೆ ತಾವೇ ಕಲ್ಲು ಹಾಕಿಕೊಂಡರು. ಓಡಿಬಂದ ಗುಲಾಮರನ್ನು ಹಿಡಿದೊಪ್ಪಿಸುವ ಹೊಸ ಕಾನೂನು ಮಾಡಿಸಿದರು. ಆರೋಪ ಹೊತ್ತವರು ತಮ್ಮ ಪರ ಸಾಕ್ಷಿ ಹೇಳುವ ಹಾಗಿಲ್ಲ. ಜ್ಯೂರಿ ಇಲ್ಲ. ದಾರಿಯಲ್ಲಿ ಹೋಗುವವರನ್ನೂ ಅಧಿಕಾರಿ ಕರೆದು 'ಹಿಡಿ' ಎನ್ನಬಹುದು. ಸಹಾಯ ಮಾಡಿದವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ತೀರ್ಪು ಕೊಡುವ ಕಮಿಷನರ್‌ಗೆ ಶುಲ್ಕ ಬೇರೆ: ಈತ ಗುಲಾಮ ಎಂದು ಕಳಿಸಿಕೊಟ್ಟರೆ 10 ಡಾಲರ್, ಅಲ್ಲ ಎಂದು ಬಿಟ್ಟರೆ 5 ಡಾಲರ್. ಕಳಿಸಿಕೊಡುವಾಗ ಕಾಗದಪತ್ರದ ಕೆಲಸ ಜಾಸ್ತಿ, ಅದಕ್ಕೇ ಎಂದು ಸಮಜಾಯಿಷಿ ಕೊಟ್ಟರು.

1854ರ ಮೇ ಕೊನೆಯಲ್ಲಿ ಬೋಸ್ಟನ್‌ನಲ್ಲಿ ದಕ್ಷಿಣದಿಂದ ಓಡಿಬಂದಿದ್ದ ಆ್ಯಂಥೊನಿ ಬರ್ನ್ಸ್ ಎಂಬ ಯುವಕ ಸಿಕ್ಕಿಬಿದ್ದರು. ಹೋರಾಟಗಾರರು ಕೋರ್ಟಿನ ಬಾಗಿಲು ಒಡೆದರೂ ಬಿಡಿಸಲು ಆಗಲಿಲ್ಲ. ಅಧ್ಯಕ್ಷ ಪಿಯರ್ಸ್ ಸೈನ್ಯವನ್ನೇ ಬಳಸಲು ಹೇಳಿದರು. ಜೂನ್ 2ರಂದು ಒಬ್ಬೇ ಒಬ್ಬ ಮನುಷ್ಯನನ್ನು ಬಂದೂಕು, ಫಿರಂಗಿಗಳ ನಡುವೆ ಹಡಗಿನವರೆಗೆ ನಡೆಸಿದರು. ರಸ್ತೆಯ ಎರಡೂ ಕಡೆ ಸುಮಾರು 50 ಸಾವಿರ ಜನ. ಕಟ್ಟಡಗಳ ಮೇಲೆ ಕಪ್ಪು ಬಟ್ಟೆ. ಮೇಲಿಂದ ಒಂದು ಶವಪೆಟ್ಟಿಗೆ ತೂಗುಬಿಟ್ಟಿದ್ದರು, ಅದರ ಮೇಲೆ 'ಸ್ವಾತಂತ್ರ್ಯ' ಎಂದು ಬರೆದಿತ್ತು. ಆ ದಿನಗಳ ಬಗ್ಗೆ ಅಮೋಸ್ ಲಾರೆನ್ಸ್ ಬರೆದ ಮಾತು ಪ್ರಸಿದ್ಧ: ರಾತ್ರಿ ಮಲಗುವಾಗ ಹಳೇ ಕಾಲದ, ರಾಜಿಗೆ ಒಗ್ಗಿದ ಸಂಭಾವಿತರಾಗಿದ್ದೆವು, ಬೆಳಗ್ಗೆ ಏಳುವಾಗ ಹುಚ್ಚು ಹಿಡಿದ ಅಬಾಲಿಷನಿಸ್ಟರಾಗಿದ್ದೆವು. ಈ ಲಾರೆನ್ಸ್ ಯಾರು ಗೊತ್ತಾ? ಜವಳಿ ಗಿರಣಿಯ ಮನೆತನದವರು. ದಕ್ಷಿಣದ ಹತ್ತಿಯಿಂದಲೇ ಬಂದ ಸಿರಿ. ಗ್ಯಾರಿಸನ್ 23 ವರ್ಷ ಬರೆದು ಬದಲಿಸಲಾಗದವರನ್ನು ಆ ಒಂದು ಮೆರವಣಿಗೆ ಬದಲಿಸಿತು. ಬರ್ನ್ಸ್ ನಂತರ ಬೋಸ್ಟನ್ ಇರುವ ಮಸಾಚುಸೆಟ್ಸ್ ರಾಜ್ಯದಿಂದ ಯಾರನ್ನೂ ಹಿಂದಕ್ಕೆ ಕಳಿಸಲು ಆಗಲಿಲ್ಲ. ಬರ್ನ್ಸ್ ಅವರನ್ನು ಮರುವರ್ಷ 1,300 ಡಾಲರ್ ಕೊಟ್ಟು ಬಿಡಿಸಿದರು.

ಇನ್ನು ಜಾನ್ ಬ್ರೌನ್. ಅವರ ಬಗ್ಗೆ ನನ್ನ ಮನಸ್ಸು ಇವತ್ತಿಗೂ ಒಂದು ಕಡೆ ನಿಂತಿಲ್ಲ. 1856ರ ಮೇನಲ್ಲಿ ಕ್ಯಾನ್ಸಸ್‌ನಲ್ಲಿ ಗುಲಾಮಗಿರಿಯ ಪರ ಇದ್ದ ಐವರನ್ನು ರಾತ್ರಿ ಮನೆಯಿಂದ ಎಳೆಸಿ ಕತ್ತಿಯಿಂದ ಕಡಿಸಿದವರು ಬ್ರೌನ್. ಅದನ್ನು ಕೊಲೆ ಅನ್ನದೆ ಬೇರೆ ಏನೂ ಅನ್ನಲಾರೆ. 1859ರ ಅಕ್ಟೋಬರ್ 16ರ ರಾತ್ರಿ 21 ಜನರನ್ನು ಕಟ್ಟಿಕೊಂಡು ವರ್ಜೀನಿಯಾದ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರ ಹಿಡಿದರು. ಗುಲಾಮರಿಗೆ ಹಂಚಲು ಸುಮಾರು 950 ಈಟಿ ಮಾಡಿಸಿದ್ದರು. ಇದು ಉಕ್ಕಿನ ಬೋನು, ಒಳಗೆ ಹೋದರೆ ಹೊರಗೆ ಬರಲಾರಿರಿ ಎಂದು ಡಗ್ಲಸ್ ಮೊದಲೇ ಎಚ್ಚರಿಸಿ, ಜೊತೆಗೆ ಹೋಗಲು ಒಪ್ಪಿರಲಿಲ್ಲ. ಹಾಗೇ ಆಯಿತು. ದಾಳಿಯಲ್ಲಿ ಮೊದಲು ಸತ್ತವರು ರೈಲು ನಿಲ್ದಾಣದಲ್ಲಿ ಸಾಮಾನು ಹೊರುತ್ತಿದ್ದ ಹೇವರ್ಡ್ ಶೆಪರ್ಡ್, ಒಬ್ಬ ಸ್ವತಂತ್ರ ಕಪ್ಪು ಮನುಷ್ಯ. ಎರಡು ದಿನದೊಳಗೆ ಸೇನಾಧಿಕಾರಿ ರಾಬರ್ಟ್ ಇ. ಲೀ ಕೈಕೆಳಗಿನ ಸೈನಿಕರು ಬ್ರೌನ್‌ರನ್ನು ಹಿಡಿದರು. ಅವರ ಇಬ್ಬರು ಗಂಡುಮಕ್ಕಳು ಅಲ್ಲೇ ಸತ್ತರು.

ದಾಳಿ ಸಂಪೂರ್ಣ ಸೋಲು. ಆದರೆ ಶಿಕ್ಷೆ ವಿಧಿಸಿದ್ದಕ್ಕೂ ಗಲ್ಲಿಗೇರಿಸಿದ್ದಕ್ಕೂ ನಡುವೆ ಒಂದು ತಿಂಗಳು ಇತ್ತು. ಆ ತಿಂಗಳು ಬ್ರೌನ್ ಜೈಲಿನಿಂದ ಕಾಗದ ಬರೆದರು, ಪತ್ರಿಕೆಗಳು ಅಚ್ಚು ಹಾಕಿದವು. ಡಿಸೆಂಬರ್ 2ರ ಬೆಳಗ್ಗೆ ಗಲ್ಲಿಗೆ ಹೋಗುವ ಮೊದಲು, ಈ ಪಾಪಿ ನೆಲದ ಅಪರಾಧ ರಕ್ತದಿಂದಲ್ಲದೆ ತೊಳೆದು ಹೋಗುವುದಿಲ್ಲ ಎಂದು ಚೀಟಿ ಬರೆದುಕೊಟ್ಟರು. ಉತ್ತರದ ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸಿದರು. ಜೀವನವಿಡೀ ಅಹಿಂಸೆ ಅಹಿಂಸೆ ಎಂದಿದ್ದ ಗ್ಯಾರಿಸನ್ ಕೂಡ ಗುಲಾಮರ ಪ್ರತಿಯೊಂದು ದಂಗೆಗೂ ಜಯವಾಗಲಿ ಎಂದುಬಿಟ್ಟರು. ದಕ್ಷಿಣದವರಿಗೆ ಗಂಟೆಯ ಸದ್ದೊಂದೇ ಕೇಳಿಸಿತು. ಬ್ರೌನ್ ನಮ್ಮವರಲ್ಲ ಎಂದು ಲಿಂಕನ್ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಡ್ಮಂಡ್ ರಫಿನ್ ಎಂಬ ವರ್ಜೀನಿಯಾದ ಜಮೀನುದಾರ ಆ ಈಟಿಗಳಲ್ಲಿ ಕೆಲವನ್ನು ಪಡೆದು, ನಮ್ಮ ಉತ್ತರದ ಸೋದರರು ನಮಗಾಗಿ ಇಟ್ಟಿದ್ದ ಉಡುಗೊರೆಯ ಮಾದರಿ ಎಂದು ಚೀಟಿ ಅಂಟಿಸಿ ಗುಲಾಮಗಿರಿಯ ರಾಜ್ಯಗಳ ಗವರ್ನರ್‌ಗಳಿಗೆ ಕಳಿಸಿದ.

1860ರ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದರು. ಇರುವ ಕಡೆ ಗುಲಾಮಗಿರಿ ಮುಟ್ಟುವುದಿಲ್ಲ, ಹೊಸ ಪ್ರಾಂತ್ಯಗಳಿಗೆ ಹರಡಲು ಬಿಡುವುದಿಲ್ಲ ಎನ್ನುವುದಷ್ಟೇ ಅವರ ನಿಲುವು. ಅಬಾಲಿಷನಿಸ್ಟರಿಗೆ ಅದು ತೀರಾ ಸಪ್ಪೆ. ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲಿನಾ ರಾಜ್ಯ ಒಕ್ಕೂಟವನ್ನು, ಅಂದರೆ ಅಮೆರಿಕ ದೇಶವನ್ನೇ, ಬಿಟ್ಟಿತು. ಯಾಕೆ ಬಿಟ್ಟೆವು ಎಂದು ಅವರೇ ಬರೆದ ಘೋಷಣೆ ಇದೆ, ನಿಮ್ಮ ಪ್ರಶ್ನೆಗೆ ಅದಕ್ಕಿಂತ ನೇರ ಸಾಕ್ಷಿ ಇಲ್ಲ. ಅದರಲ್ಲಿರುವ ದೂರು ಇದು: ಉತ್ತರದವರು ಗುಲಾಮಗಿರಿಯನ್ನು ಪಾಪ ಎಂದು ಹಳಿದರು. ನಮ್ಮ ನೆಮ್ಮದಿ ಕೆಡಿಸುವ ಸಂಘಗಳನ್ನು ರಾಜಾರೋಷವಾಗಿ ಕಟ್ಟಲು ಬಿಟ್ಟರು. ಓಡಿಹೋದವರನ್ನು ಹಿಡಿದು ಕೊಡಲಿಲ್ಲ. ಪುಸ್ತಕ, ಚಿತ್ರಗಳಿಂದ ನಮ್ಮ ಗುಲಾಮರನ್ನು ಎತ್ತಿಕಟ್ಟಿದರು. ಒಡಕಿಗೆ ಕಾರಣ ಸುಂಕ, ರಾಜ್ಯಗಳ ಹಕ್ಕು ಎಂದು ಇವತ್ತು ವಾದಿಸುವವರು ಇದನ್ನು ಒಮ್ಮೆ ಓದಬೇಕು. ಉತ್ತರದ ರಾಜ್ಯಗಳು ಓಡಿಬಂದವರನ್ನು ಹಿಡಿದುಕೊಡದೆ ತಮ್ಮ ಹಕ್ಕು ಚಲಾಯಿಸಿದ್ದೇ ಇವರ ದೂರು! ಹಾಗಾಗಿ ನನ್ನ ಉತ್ತರ: ಒಕ್ಕೂಟ ಬಿಟ್ಟು ಹೋದವರು ಒಡೆಯರು. ಹೋರಾಟಗಾರರು ಅವರಿಗೆ ಹೆದರಿಕೆ ಹುಟ್ಟಿಸಿದರು.

ಬಿಟ್ಟು ಹೋದ ದಕ್ಷಿಣದ ರಾಜ್ಯಗಳಿಗೂ ಉಳಿದ ಒಕ್ಕೂಟಕ್ಕೂ ಯುದ್ಧ ಶುರುವಾದ ಮೇಲೆ ಗ್ಯಾರಿಸನ್ ಒಕ್ಕೂಟದ ಪರ ನಿಂತರು. ಸಂವಿಧಾನ ಸುಟ್ಟವರು ಈಗ ಹೀಗಾ ಎಂದು ಜನ ಕೇಳಿದರು. ಅದನ್ನು ಸಾವು ಮತ್ತು ನರಕದ ಜೊತೆಗಿನ ಕರಾರು ಎಂದದ್ದು ನಿಜ, ಸಾವು ನರಕ ಎರಡೂ ತಾವಾಗಿಯೇ ಬಿಟ್ಟು ಹೋಗುತ್ತವೆ ಅಂತ ನನಗೇನು ಗೊತ್ತಿತ್ತು ಎಂದರು. ಯುದ್ಧದ ಒಳಗೆ ಹೋರಾಟಗಾರರ ಪ್ರಭಾವ ಬೇರೆ ರೀತಿಯದು. ಕಪ್ಪು ಜನರನ್ನು ಸೈನ್ಯಕ್ಕೆ ತೆಗೆದುಕೊಳ್ಳಿ ಎಂದು ಡಗ್ಲಸ್ ಬೆನ್ನು ಬಿಡದೆ ಕೇಳಿದರು, ತಮ್ಮ ಇಬ್ಬರು ಮಕ್ಕಳನ್ನೂ ಸೇರಿಸಿದರು. ಒಟ್ಟು ಸುಮಾರು 1,80,000 ಕಪ್ಪು ಸೈನಿಕರು ಸೇರಿದರು. 1849ರಲ್ಲಿ ಸ್ವತಃ ಓಡಿಬಂದು, ಮತ್ತೆ ಮತ್ತೆ ಹಿಂದಿರುಗಿ ಸುಮಾರು 70 ಜನರನ್ನು ಕರೆತಂದಿದ್ದ ಹ್ಯಾರಿಯೆಟ್ ಟಬ್‌ಮನ್, 1863ರ ಜೂನ್‌ನಲ್ಲಿ ಸೈನ್ಯದ ದೋಣಿಗಳಿಗೆ ದಾರಿ ತೋರಿಸಿ ದಕ್ಷಿಣ ಕ್ಯಾರೊಲಿನಾದ ಕೊಂಬಾಹೀ ನದಿಯ ದಂಡೆಯಿಂದ ಒಂದೇ ರಾತ್ರಿ 700ಕ್ಕೂ ಹೆಚ್ಚು ಜನರನ್ನು ಬಿಡಿಸಿದರು.

ಗುಲಾಮರಿಗೆ ಬಿಡುಗಡೆ ಸಾರಿದ ಲಿಂಕನ್ ಅವರ 1863ರ ಜನವರಿ 1ರ ವಿಮೋಚನಾ ಘೋಷಣೆ ಯುದ್ಧಕಾಲದ ಆದೇಶ. ಬಂಡೆದ್ದ ಪ್ರದೇಶಕ್ಕೆ ಮಾತ್ರ ಅನ್ವಯ. ಶಾಶ್ವತವಾಗಬೇಕಾದರೆ ಸಂವಿಧಾನವೇ ಬದಲಾಗಬೇಕಿತ್ತು. ಅದಕ್ಕೆ ಮತ್ತೆ ಹೆಂಗಸರು ಸಹಿ ಕೂಡಿಸಲು ಹೊರಟರು. 1864ರ ಫೆಬ್ರವರಿ 9ರಂದು ಇಬ್ಬರು ಎತ್ತರದ ಕಪ್ಪು ಗಂಡಸರು ಅರ್ಜಿಯ ದೊಡ್ಡ ಕಟ್ಟುಗಳನ್ನು ಹೊತ್ತು ಕಾಂಗ್ರೆಸ್‌ನ ಮೇಲ್ಮನೆಯಾದ ಸೆನೆಟ್ ಒಳಗೆ ನಡೆದು ಬಂದು ಸದಸ್ಯ ಚಾರ್ಲ್ಸ್ ಸಮ್ನರ್ ಮೇಜಿನ ಮೇಲೆ ಇಟ್ಟರು. ಒಂದು ಲಕ್ಷ ಸಹಿ. ಕೊನೆಗೆ ಅದು ನಾಲ್ಕು ಲಕ್ಷ ಮುಟ್ಟಿತು. ಇಂಥ ಅರ್ಜಿ ಓದಲೂ ಬಾರದು ಎಂದು ಅದೇ ಕಾಂಗ್ರೆಸ್‌ನ ಕೆಳಮನೆ ನಿಯಮ ಮಾಡಿ ಇನ್ನೂ 30 ವರ್ಷ ಆಗಿರಲಿಲ್ಲ. 1865ರ ಡಿಸೆಂಬರ್ 6ರಂದು ಗುಲಾಮಗಿರಿ ನಿಷೇಧಿಸುವ 13ನೇ ತಿದ್ದುಪಡಿ ಅಂಗೀಕಾರವಾಯಿತು.

ಆ ವರ್ಷದ ಮೇ ತಿಂಗಳಲ್ಲೇ ಗ್ಯಾರಿಸನ್, ಕೆಲಸ ಮುಗಿಯಿತು, ಸಂಘ ಮುಚ್ಚೋಣ ಎಂದರು. ಡಗ್ಲಸ್ ಎದ್ದು, ಕಪ್ಪು ಮನುಷ್ಯನ ಕೈಗೆ ವೋಟು ಬರುವವರೆಗೆ ಗುಲಾಮಗಿರಿ ಹೋಗಿಲ್ಲ ಎಂದರು. ಮತ ಹಾಕಿದಾಗ ಗ್ಯಾರಿಸನ್ ಸೋತರು. ಡಿಸೆಂಬರ್ 29ರಂದು ಲಿಬರೇಟರ್‌ನ ಕೊನೆಯ ಸಂಚಿಕೆ ತಂದು ಪತ್ರಿಕೆ ನಿಲ್ಲಿಸಿದರು. ಸಂಘ ಇನ್ನೊಬ್ಬ ಹೋರಾಟಗಾರ ವೆಂಡೆಲ್ ಫಿಲಿಪ್ಸ್ ಅಧ್ಯಕ್ಷತೆಯಲ್ಲಿ ಇನ್ನೂ ಐದು ವರ್ಷ, ಕಪ್ಪು ಗಂಡಸರಿಗೆ ವೋಟಿನ ಹಕ್ಕು ಕೊಟ್ಟ 15ನೇ ತಿದ್ದುಪಡಿ ಬರುವವರೆಗೆ, ನಡೆಯಿತು.